ಖಾಲಿ ಚೌಕಗಳ ಬೆನ್ನು ಹತ್ತಿ: ಸಿದ್ದಾಪುರ ತಾಲೂಕಿನ ಕಪ್ಪೆ, ಹಾವುಗಳ ಲೆಕ್ಕ

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕಪ್ಪೆ, ಹಾವು, ಓತಿಗಳನ್ನು ದಾಖಲು ಮಾಡುತ್ತೇನೆ ಎಂದರೆ ಎಲ್ಲರೂ ಕೊಡುವ ಸಲಹೆ ಒಂದೇ: ಕತ್ತಲೆಕಾನಿನ ಕಾಡಿಗೆ ಹೋಗಿ. ಒಳ್ಳೆಯ ಸಲಹೆಯೇ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಬೇಸಿಗೆಯಲ್ಲೂ ತೇವ ಆರದ ನೆಲವಿದೆ. 2014ರಲ್ಲಿ ಹೊಸ ಪ್ರಭೇದವೆಂದು ಹೆಸರು ಪಡೆದ ಕುಂಬಾರ ಕಪ್ಪೆಯೂ ಇದೇ ಸೀಮೆಯದು. ತೊಂದರೆ ಏನೆಂದರೆ, ನನಗಿಂತ ಮೊದಲು ಬಂದವರೆಲ್ಲ ಅಲ್ಲಿಗೇ ಹೋಗಿದ್ದಾರೆ. ಸಿಕ್ಕ ಹಳೆಯ ದಾಖಲೆಗಳನ್ನೆಲ್ಲ ನಕಾಶೆಯ ಮೇಲೆ ಚುಕ್ಕಿಯಾಗಿಟ್ಟು ನೋಡಿದೆ. ಕತ್ತಲೆಕಾನು, ಜೋಗದ ಆಸುಪಾಸು, ಟಾರು ರಸ್ತೆಗಳ ಇಕ್ಕೆಲ ತುಂಬಿಹೋಗಿತ್ತು. ಸೊರಬದ ಕಡೆಗಿನ ಗದ್ದೆಬಯಲು ಬಹುಪಾಲು ಬೆಳ್ಳಗೇ ಇತ್ತು. ಕಪ್ಪೆಗಳು ಟಾರು ರಸ್ತೆ ನೋಡಿ ಮನೆ ಮಾಡಿಕೊಳ್ಳುವುದಿಲ್ಲವಲ್ಲ. ಆ ನಕಾಶೆಯಲ್ಲಿ ಕಾಣುತ್ತಿದ್ದದ್ದು ನೋಡುವವರ ತಿರುಗಾಟ.

ಹಾಗಾಗಿ ತಾಲೂಕನ್ನು ಐದು ಕಿಲೋಮೀಟರಿನ ಚೌಕಗಳಾಗಿ ಗೆರೆ ಹೊಡೆದು, ದೊಡ್ಡದಾಗಿ ಮುದ್ರಿಸಿ, ಪಂಚಾಂಗದ ಪಕ್ಕದ ಮೊಳೆಗೆ ತೂಗುಹಾಕಿದೆ. ನಿಯಮ ಒಂದೇ. ಪ್ರತಿ ಚೌಕಕ್ಕೂ ಮೊದಲ ಮಳೆಗೆ, ಆರಿದ್ರಾ–ಪುನರ್ವಸು ಮಳೆಯ ನಡುವೆ, ದೀಪಾವಳಿ ಕಳೆದ ಮೇಲೆ, ಬೇಸಿಗೆಯಲ್ಲಿ ಹೀಗೆ ನಾಲ್ಕು ಕಾಲದಲ್ಲೂ ಹೋಗಬೇಕು. ಹೋದಲ್ಲಿ ನಿಂತ ನೀರು, ಹರಿವ ನೀರು, ಮನುಷ್ಯ ಕಟ್ಟಿದ್ದು ಈ ಮೂರನ್ನೂ ನೋಡಬೇಕು. ಮನುಷ್ಯ ಕಟ್ಟಿದ್ದು ಅಂದರೆ ಬಾವಿ, ಕೆರೆ, ಮೋರಿ, ಗೊಬ್ಬರಗುಂಡಿ. ಅಡಿಕೆ ತೋಟದವನಿಗೆ ಮಳೆಗಾಲದ ಸಂಜೆ ಬೇರೆ ಕೆಲಸ ಇರುವುದಿಲ್ಲ, ಮದ್ದು ಹೊಡೆಸುವ ದಿನ ಬಿಟ್ಟರೆ. ಆದ್ದರಿಂದ ಸಮಯದ ಕೊರತೆ ಬರಲಿಲ್ಲ.

ಪುಸ್ತಕದಲ್ಲಿ ಬರೆಯುವುದು ತಾರೀಕು, ಹೊತ್ತು, ಜಾಗದ ಅಕ್ಷಾಂಶ–ರೇಖಾಂಶ, ಪ್ರಾಣಿ ಏನು ಮಾಡುತ್ತಿತ್ತು, ಮಳೆ ಇತ್ತೋ ಇಲ್ಲವೋ, ಸಾಕ್ಷಿ ಏನು. ಸಾಕ್ಷಿ ಎಂದರೆ ಫೋಟೋ ಅಥವಾ ಧ್ವನಿ. ಎರಡೂ ಇಲ್ಲದ್ದು ‘ಕೇಳಿದ್ದು’ ಎಂಬ ಬೇರೆ ಪುಟಕ್ಕೆ ಹೋಗುತ್ತದೆ, ಹೇಳಿದವರು ನನ್ನ ಅಪ್ಪಯ್ಯನೇ ಆಗಿರಲಿ. ಹೋಗಿ ಏನೂ ಸಿಗದೆ ಬಂದ ರಾತ್ರಿಯನ್ನೂ ಬರೆಯುತ್ತೇನೆ. ನೋಡಿ ಸಿಗದ್ದಕ್ಕೂ ನೋಡದೇ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಆ ಸಾಲಿನಿಂದಲೇ.

ಕಪ್ಪೆಯ ಕೆಲಸ ಮುಕ್ಕಾಲು ಪಾಲು ಕಿವಿಯದು. ಒಂದು ಮಡ್ಡಿಗೊಳದ ಬಳಿ ಬ್ಯಾಟರಿ ಆರಿಸಿ ಸುಮ್ಮನೆ ನಿಂತರೆ ಮೊದಲು ಬರೀ ಗದ್ದಲ ಕೇಳುತ್ತದೆ, ಆಮೇಲೆ ಒಂದೊಂದೇ ದನಿ ಬೇರೆಯಾಗುತ್ತದೆ. ಮೊಬೈಲಿನಲ್ಲೇ ಒಂದು ನಿಮಿಷ ಧ್ವನಿ ಹಿಡಿದು, ಕೊನೆಗೆ ಜಾಗ ಮತ್ತು ಹೊತ್ತನ್ನು ಬಾಯಲ್ಲೇ ಹೇಳಿಬಿಡುತ್ತೇನೆ. ಮಳೆಯಲ್ಲಿ ಪುಸ್ತಕ ಬಿಚ್ಚುವುದಕ್ಕಿಂತ ಇದು ಸುಲಭ. ಯಾವುದು ಯಾವಾಗ ಕೂಗುತ್ತದೆ ಎನ್ನುವುದಕ್ಕೆ ಮಳೆ ನಕ್ಷತ್ರಗಳ ಲೆಕ್ಕವೇ ಸಾಕು. ಮುಂಗಾರಿಗೆ ಮೊದಲಿನ ಅಡ್ಡಮಳೆಗೆ ನೆಲಗಪ್ಪೆಗಳು ಹೊರಡುತ್ತವೆ. ಗದ್ದೆಯಲ್ಲಿ ನೀರು ನಿಂತ ರಾತ್ರಿ ಗೋಂಕರು ಕಪ್ಪೆಯ ಗಂಡುಗಳು ನಿಂಬೆ ಬಣ್ಣಕ್ಕೆ ತಿರುಗಿ, ಕುತ್ತಿಗೆಯ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಗದ್ದೆಯನ್ನೇ ನಡುಗಿಸುತ್ತವೆ. ಮಳೆ ಕೂತ ಮೇಲೆ ಮಲಬಾರ್ ಹಾರುಗಪ್ಪೆ ಕೆರೆಗೆ ಬಾಗಿದ ಟೊಂಗೆಯಲ್ಲಿ ನೊರೆಯ ಗೂಡು ಕಟ್ಟುತ್ತದೆ. ಕಪ್ಪೆ ಕಾಣದಿದ್ದರೂ ಎಲೆ ಸುತ್ತಿದ ನೊರೆ ಹಗಲಲ್ಲೇ ಸಿಗುತ್ತದೆ, ಅದೂ ದಾಖಲೆಯೇ. ಕುಂಬಾರ ಕಪ್ಪೆಯನ್ನು ‘ಟಕ್, ಟಕ್’ ಎಂಬ ಕೂಗಿನ ಜಾಡು ಹಿಡಿದೇ ಹುಡುಕಬೇಕು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಹಳ್ಳದ ಕೆಸರನ್ನು ಮುಂಗಾಲಲ್ಲಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಳೆ ಇಳಿದು ಹಳ್ಳ ತಿಳಿಯಾದಾಗ ಕುಣಿಯುವ ಕಪ್ಪೆಗಳ ಸರದಿ. ಹಗಲು ಹೊತ್ತಿನಲ್ಲೇ ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ತೋರಿಸುತ್ತವೆ. ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವ ಕಡೆ ಕಾಲಿನಿಂದ ಮಾತಾಡುವ ಉಪಾಯ ಅದು.

ಹೆಸರು ಹಚ್ಚುವುದರಲ್ಲಿ ಮಾತ್ರ ನಾನು ಜಿಪುಣ. ಪೊದೆಗಪ್ಪೆಗಳು ಹೆಬ್ಬೆರಳಿನ ಉಗುರಿನಷ್ಟು ಇರುತ್ತವೆ, ಒಂದೇ ಜಾತಿಯೊಳಗೆ ನಾಲ್ಕು ಬಣ್ಣ ಇರುತ್ತದೆ. ಫೋಟೋದಿಂದ ಪ್ರಭೇದ ಹೇಳುವ ಧೈರ್ಯ ನನಗಿಲ್ಲ, ‘ರಾವೋರ್ಕೆಸ್ಟಿಸ್’ ಎಂದಷ್ಟೇ ಬರೆದು ಧ್ವನಿ ಜೋಡಿಸುತ್ತೇನೆ. ಆ ಕುಲಕ್ಕೆ 2010ರಲ್ಲಿ ಹೆಸರಿಟ್ಟದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರ ನೆನಪಿಗೆ. ಕೊಟ್ಟಿಗೆಹಾರದಂಥ ಊರುಗಳ ಕಪ್ಪೆಗಳನ್ನು 1937ರಲ್ಲೇ ವಿವರಿಸಿದವರು ಅವರು. ಆದರೆ ಅವರು ಕಾಪಿಟ್ಟ ಮಾದರಿಗಳಲ್ಲಿ ಬಹಳಷ್ಟು ಕಳೆದುಹೋದವು. ಅವರು ಕಂಡ ಕಪ್ಪೆ ಯಾವುದು ಎಂದು ದಶಕಗಳ ನಂತರದವರು ಬರವಣಿಗೆ ಓದಿ, ಅದೇ ಊರಿಗೆ ಹೋಗಿ ಹುಡುಕಬೇಕಾಯಿತು. ಅಂಥವರ ಕೆಲಸಕ್ಕೇ ಆ ಗತಿಯಾದರೆ, ಸಾಕ್ಷಿ ಇಲ್ಲದ ನನ್ನ ‘ಗ್ಯಾರಂಟಿ ಅದೇ ಸಾರ್’ಗೆ ಏನು ಬೆಲೆ?

ಹಾವನ್ನು ಹುಡುಕಿಕೊಂಡು ಹೋಗಿ ಕಾಣುವುದು ಅಪರೂಪ. ಹಾವಿನ ಸುದ್ದಿ ನಮ್ಮನ್ನು ಹುಡುಕಿಕೊಂಡು ಬರಬೇಕು. ಬಾವಿ ಹೂಳು ತೆಗೆಯುವವರು, ಜೆಸಿಬಿ ಓಡಿಸುವವರು, ಬೆಳಗಿನ ಜಾವ ಹಾಲಿನ ಕ್ಯಾನು ಒಯ್ಯುವವರು, ಎಲ್ಲರಿಗಿಂತ ಹೆಚ್ಚಾಗಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ನನ್ನ ಕಣ್ಣುಗಳು. ಅಡಿಕೆ ಮರದ ತುದಿಯಲ್ಲಿ ದಿನವಿಡೀ ಇರುವವರಿಗೆ ಕಂಡಷ್ಟು ಹಾರುವ ಓತಿ ಯಾವ ವಿಜ್ಞಾನಿಗೂ ಕಂಡಿರಲಿಕ್ಕಿಲ್ಲ. ಈಗ ನಮ್ಮ ಕೊನೆಗೌಡ ಮೇಲಿನಿಂದಲೇ ಕೂಗುತ್ತಾನೆ: “ಹೆಗಡೇರೆ, ಸೋಗೆ ಸಂದೀಲಿ ಒಂದು ಹಸ್ರು ಕಪ್ಪೆ ಕೂತದೆ, ಫೋಟೋ ತೆಗೀಲಾ?” “ತೆಗಿ ಮಾರಾಯ, ಆದ್ರೆ ಒಂದು ಕೈ ಮರದಲ್ಲೇ ಇರ್ಲಿ.”

ಕೇಳುವ ರೀತಿ ಮುಖ್ಯ. “ಕಾಳಿಂಗ ಕಂಡಿದ್ಯಾ?” ಎಂದು ಕೇಳಿದರೆ ಎಲ್ಲರೂ ಕಂಡಿರುತ್ತಾರೆ. “ಕಡೇ ಸಲ ಯಾವ ಹಾವು ಕಂಡೆ, ಎಲ್ಲಿ, ಏನು ಮಾಡ್ತಿತ್ತು?” ಎಂದರೆ ಕೇರೆ, ನೀರೊಳ್ಳೆ, ಹಸಿರು ಹಾವುಗಳೂ ಪಟ್ಟಿಗೆ ಬರುತ್ತವೆ. ಪೊರೆ ಸಿಕ್ಕರೆ ಬಿಸಾಡಬೇಡಿ ಎಂದು ಊರೂರಿಗೆ ಹೇಳಿಟ್ಟಿದ್ದೇನೆ. ಬೆನ್ನ ನಡುವಿನ ಸಾಲಿನಲ್ಲಿ ದೊಡ್ಡ ಆರುಮೂಲೆಯ ಹುರುಪೆಗಳಿದ್ದರೆ ಕಟ್ಟುಹಾವು. ನಡುನೆತ್ತಿಯ ಹಿಂದೆ ಎರಡು ದೊಡ್ಡ ಹುರುಪೆ ಹೆಚ್ಚುವರಿಯಾಗಿದ್ದರೆ ಕಾಳಿಂಗ. ಗೋಡೆ ಬಿರುಕಿನಲ್ಲಿ ಸೇರಿಕೊಳ್ಳುವ ತೋಳದ ಹಾವನ್ನು ಕಟ್ಟುಹಾವೆಂದು ಹೊಡೆದು ಸಾಯಿಸುವುದು ಎಲ್ಲೆಡೆ ನಡೆಯುತ್ತದೆ. ತೋಳದ ಹಾವಿನ ಪಟ್ಟೆ ತಲೆಯ ಕಡೆ ದಟ್ಟವಾಗಿದ್ದು ಬಾಲದತ್ತ ಮಾಸುತ್ತದೆ, ಕಟ್ಟುಹಾವಿನದು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ಇದು ಫೋಟೋ ನೋಡಿ ಹೆಸರು ಬರೆಯಲು ಮಾತ್ರ. ಇದನ್ನು ನಂಬಿ ಯಾರೂ ಕೈ ಹಾಕಬಾರದು. ನಾನು ಹಾವು ಹಿಡಿಯುವುದೂ ಇಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಲಾಗಿ ದಾಖಲೆಗೆ ಅದರ ಅಗತ್ಯವೂ ಇಲ್ಲ. ಅಂದಹಾಗೆ ನಮ್ಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದವೆಂದು 2024ರಲ್ಲಿ ತೀರ್ಮಾನವಾಗಿ, ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕಾಳಿಂಗ’ ಸೇರಿತು. ನನ್ನ ಪುಸ್ತಕದಲ್ಲಿ ಮೊದಲೇ ಹಾಗೆ ಬರೆದಿದ್ದರಿಂದ ತಿದ್ದುವ ಕೆಲಸ ಉಳಿಯಿತು.

ರಸ್ತೆಯಲ್ಲಿ ಸತ್ತದ್ದನ್ನು ಬಿಡುವುದಿಲ್ಲ. ಮಣ್ಣೊಳಗೇ ಬಾಳುವ ಶೀಲ್ಡ್‌ಟೇಲ್ ಹಾವು, ಕಾಲಿಲ್ಲದ ಉಭಯವಾಸಿ ಸಿಸೀಲಿಯನ್ ಇವೆಲ್ಲ ಜಡಿಮಳೆಯ ಮಾರನೆಯ ಬೆಳಿಗ್ಗೆ ಡಾಂಬರಿನ ಮೇಲೇ ಹೆಚ್ಚು ಸಿಗುತ್ತವೆ. ಸಿಸೀಲಿಯನ್ ಜೀವಂತ ಬೇಕೆಂದರೆ ಗೊಬ್ಬರಗುಂಡಿ ಎತ್ತುವ ದಿನ ನಿಲ್ಲಬೇಕು. ಎರೆಹುಳುವೆಂದು ಗುದ್ದಲಿಯಲ್ಲಿ ಪಕ್ಕಕ್ಕೆ ತಳ್ಳಿದ್ದರಲ್ಲಿ ಒಂದಕ್ಕೆ ದವಡೆ, ಹಲ್ಲು, ಚುಕ್ಕಿಯಂಥ ಕಣ್ಣು ಇರುತ್ತದೆ. ಮೈ ಲೋಳೆ, ಉದ್ದಕ್ಕೂ ಬಳೆಬಳೆ. ಶೀಲ್ಡ್‌ಟೇಲ್ ಆದರೆ ಒಣ ಹುರುಪೆ ಹೊಳೆಯುತ್ತದೆ, ಬಾಲ ಕತ್ತರಿಸಿದ ಹಾಗೆ ಮೊಂಡಾಗಿರುತ್ತದೆ.

ಗಂಬೂಟು ಬಿಟ್ಟು ನಾನು ಹೊರಡುವುದಿಲ್ಲ. ಉಂಬಳಕ್ಕೆ, ಅಂದರೆ ಜಿಗಣೆಗೆ, ಹೊಗೆಸೊಪ್ಪು–ಸುಣ್ಣ ಇದೆ, ಆದರೆ ತರಗೆಲೆಯಲ್ಲಿ ಮಿಸುಕದೆ ಕೂರುವ ಮೂಗುಬ್ಬಿದ ಗುಳಿಮಂಡಲ ಹಾವಿಗೆ ಮದ್ದಿಲ್ಲ. ನಮ್ಮ ಆಸ್ಪತ್ರೆಗಳ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಕೆಸರು ತೊಳೆದು ಒಣಗಿಸುತ್ತೇನೆ. ಕಪ್ಪೆಯ ಚರ್ಮದ ಶಿಲೀಂಧ್ರ ರೋಗವನ್ನು ನಾನೇ ಹೊತ್ತು ಹಂಚಬಾರದು.

ಬೆಳ್ಳಗಿದ್ದ ಪೂರ್ವದ ಚೌಕಗಳಲ್ಲಿ ಏನು ಸಿಕ್ಕಿತು? ಕಾಡಿನವರು ಮೂಗು ಮುರಿಯುವಂಥದ್ದೇ: ಕೆರೆಯಂಗಳದಲ್ಲಿ ನೀರ ಮೇಲೆ ಜಿಗಿದೋಡುವ ಕಪ್ಪೆ, ಗದ್ದೆಬದುವಿನ ಕೊಳಕುಮಂಡಲ, ಬೇಲಿಯ ಓತಿಕ್ಯಾತ, ಕಲ್ಲುರಾಶಿಯ ಹಾವುರಾಣಿ. ಬಿಲ ತೋಡಿ ಮಲಗುವ ಕಪ್ಪೆ ಮಾತ್ರ ಸುಮಾರು ಕಾಡಿಸಿತು. ಮೊದಲ ದೊಡ್ಡ ಮಳೆಗೆ ಎದ್ದು, ಕೂಗಿ, ಮೊಟ್ಟೆ ಇಟ್ಟು ಕೆಲವೇ ರಾತ್ರಿಗಳಲ್ಲಿ ಮತ್ತೆ ಮಣ್ಣು ಸೇರುತ್ತದೆ. ಆ ವಾರ ಮದುವೆಮನೆಗೆ ಹೋದರೆ ಮತ್ತೆ ಮುಂದಿನ ವರ್ಷವೇ.

ದಾಖಲೆಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮತ್ತು ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳಿಗೆ ಏರಿಸುತ್ತೇನೆ. ಎರಡು ತಲೆ ಹಾವೆಂದು ಕಳ್ಳಸಾಗಣೆಯಾಗುವ ಮಣ್ಣುಮುಕ್ಕನ ಜಾಗವನ್ನು ಮಾತ್ರ ಮಸುಕು ಮಾಡುತ್ತೇನೆ, ಕಾಳಿಂಗದ ಎಲೆಗೂಡಿನದನ್ನೂ. ಇನ್ನೊಂದು ಪ್ರತಿ ಕನ್ನಡದಲ್ಲಿ ಪಂಚಾಯ್ತಿಗೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯ್ತಿಯ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಾನು ತೆರೆದು ನೋಡಿದ ಒಂದರಲ್ಲಿ ಉಭಯವಾಸಿಗಳ ಕಲಮಿನಲ್ಲಿ ‘ಕಪ್ಪೆ’ ಎಂದಷ್ಟೇ ಇತ್ತು. ಈಗ ಆ ಕಲಮಿಗೆ ಬೇರೆ ಹಾಳೆ ಅಂಟಿಸಿದ್ದಾರೆ. ಊರ ಹೆಸರು ಮೊದಲ ಸಾಲಿನಲ್ಲಿ, ವೈಜ್ಞಾನಿಕ ಹೆಸರು ಎರಡನೆಯದರಲ್ಲಿ, ಕೆಲವೆಡೆ ಎರಡನೆಯದು ಖಾಲಿ.