ಅಡಿಕೆ ಅಟ್ಟದ ಮಾಟಗಾತಿಯರು

ನಾವು ನಾಟಕ ಆಡೋ ಜಾಗವನ್ನು ಜನ ಅಂಡರ್‌ಗ್ರೌಂಡ್ ಸ್ಟುಡಿಯೋ ಅಂತಾರೆ. ನೆಲದಡಿ ಏನೂ ಇಲ್ಲ ಮಾರಾಯ್ರೆ, ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ ಒಂದು ಹಳೇ ಮನೆಯ ಅಡಿಕೆ ಅಟ್ಟ ಅದು, 13 ಮೆಟ್ಟಿಲು ಹತ್ತಬೇಕು. ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ. ವಾಟ್ಸಾಪಿನಲ್ಲಿ ಕರೆದವರು ಮಾತ್ರ ಬರುತ್ತಾರೆ, ಒಂದು ಸಲಕ್ಕೆ 40 ಜನ. ಅದಕ್ಕಿಂತ ಜಾಸ್ತಿ ಆದರೆ ಹಲಗೆ ತಡೆಯೋದಿಲ್ಲ.

ಮೊದಲು ಮಾಡಿದ್ದು ಸುಮ್ನೆ ಹೆದರಿಸೋ ಆಟ. ಕಪ್ಪು ಸೀರೆ, ಬಿಚ್ಚಿದ ಕೂದಲು, ಹೊಗೆ. ಯಾರೂ ಹೆದರಲಿಲ್ಲ. ಬೇಡರ ವೇಷ ನೋಡಿ ಬೆಳೆದ ಊರು ಇದು. ಹೋಳಿ ಹೊತ್ತಿಗೆ ರಾತ್ರಿ ನವಿಲುಗರಿ ಕಟ್ಟಿಕೊಂಡ ಬೇಡ ತಮಟೆ ಸದ್ದಿಗೆ ಕುಣಿಯುತ್ತಾ ಜನರ ಮೇಲೆ ನುಗ್ಗುವಾಗ ಹಿಂದಿನಿಂದ ಹಗ್ಗ ಹಿಡಿದು ಎಳೆಯಬೇಕು, ಅದನ್ನು ಕಂಡವರಿಗೆ ನಮ್ಮ ಹೊಗೆ ಯಾವ ಲೆಕ್ಕ?

ಆಗ ಬಿಟ್ಟೆವು. ಹೆದರಿಸೋದು ಬೇಡ, ಕೆಣಕೋಣ ಅಂತ. 90ರ ದಶಕದಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವು. ಆ ದೆವ್ವವನ್ನು ಕಂಡವರಿಲ್ಲ, ಸೀಮೆಸುಣ್ಣ ಮಾತ್ರ ಎಲ್ಲರ ಕೈಯಲ್ಲೂ ಇತ್ತು. ನಮಗೆ ಬೇಕಾಗಿದ್ದು ಆ ಸೀಮೆಸುಣ್ಣ. ಚೌಡಿಯನ್ನು ಮಾತ್ರ ಮುಟ್ಟುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅವಳು ದೇವರು, ಅವಳನ್ನು ಮಾಟದ ಕಥೆಗೆ ಎಳೆಯೋದು ಸೋಮಾರಿತನ ಅಂತ ನನ್ನ ಅಭಿಪ್ರಾಯ.

ಆಟ ಇಷ್ಟೇ. ಮೂವರು ಹೆಂಗಸರು. ಒಬ್ಬಳು ಬಿಡದೆ ಮಾತಾಡುತ್ತಾಳೆ, ಒಬ್ಬಳು ಭಜನೆ ಹೇಳುತ್ತಾಳೆ, ಮೂರನೆಯವಳು ಅಡಿಕೆ ಸುಲಿಯುತ್ತಾ ಸುಮ್ಮನೆ ಕೂತಿರುತ್ತಾಳೆ. ಇವಳಿಗೆ ಗಂಡ ಇಲ್ಲ, ಎರಡು ಎಕರೆ ತೋಟ ಇದೆ. ಊರಲ್ಲಿ ದನ ಹಾಲು ಕೊಡೋದು ನಿಲ್ಲಿಸುತ್ತದೆ. ನೋಡಲು ಬಂದ ಪ್ರತಿಯೊಬ್ಬರ ಕೈಗೂ ಮೊದಲೇ ಒಂದು ನಿಂಬೆಹಣ್ಣು ಕೊಟ್ಟಿರುತ್ತೇವೆ. ಯಾರು ಮಾಟಗಾತಿ ಅನಿಸುತ್ತದೋ ಅವರ ಮುಂದೆ ಇಟ್ಟು ಬನ್ನಿ, ಅಷ್ಟೇ.

ಸದ್ದಿಗೆ ಖರ್ಚೇ ಇಲ್ಲ. ಒಣಗಿದ ಅಡಿಕೆ ಹಾಳೆಯನ್ನು ಮೈಕ್ ಹತ್ತಿರ ನಿಧಾನಕ್ಕೆ ಮಡಚಿದರೆ ಎಲುಬು ಮುರಿದ ಹಾಗೆ ಕೇಳುತ್ತದೆ. ನೆನೆಸಿದ ಹಾಳೆ ಆಗೋದಿಲ್ಲ, ಅದು ಸುಮ್ಮನೆ ಬಾಗುತ್ತದೆ. ಸಿಡಿಲಿಗೆ ಒಂದು ತಗಡು ಅಲುಗಾಡಿಸಿದರೆ ಸಾಕು. ಮಳೆ ಅಂತೂ ಜುಲೈನಲ್ಲಿ ಪುಕ್ಕಟೆ, ಎಷ್ಟು ಜೋರು ಅಂದ್ರೆ ಒಮ್ಮೆ ಅರ್ಧ ಸಂಭಾಷಣೆ ಯಾರಿಗೂ ಕೇಳಲೇ ಇಲ್ಲ.

ರಕ್ತ ಅಡುಗೆಮನೆಯದು. ತಟ್ಟೆಯಲ್ಲಿ ಅರಿಶಿನದ ನೀರು, ನಟಿಯ ಬೆರಳ ತುದಿಗೆ ಬೀಡಾ ಸುಣ್ಣ. ಮುಟ್ಟಿದ ಕೂಡಲೇ ನೀರು ಕೆಂಪಾಗುತ್ತದೆ. ಆರತಿಗೆ ಮನೆಯಲ್ಲಿ ಮಾಡೋದೂ ಇದನ್ನೇ, ಅಲ್ವಾ? ಆದರೂ ಕತ್ತಲಲ್ಲಿ ಒಂದೇ ಬಲ್ಬಿನ ಕೆಳಗೆ ನೋಡಿದವರು ಹಾ ಅಂತಾರೆ. ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಕತ್ತಿಗೆ ದಾಸವಾಳದ ಎಸಳು ತಿಕ್ಕಿ ಒಣಗಿಸಿ ನಿಂಬೆಹಣ್ಣು ಕೊಯ್ದರೆ ಅದರಿಂದಲೂ ಕೆಂಪು ಬರುತ್ತದೆ, ಪವಾಡದ ಬಾಬಾಗಳ ಹಳೇ ಟ್ರಿಕ್ಕು. ರಾಜ್ಯದಲ್ಲಿ 2017ರ ಮಾಟ ಮಂತ್ರ ತಡೆ ಕಾಯ್ದೆ ಇದೆ, ಹಾಗಾಗಿ ಶುರುವಿಗೇ ಹೇಳಿಬಿಡುತ್ತೇವೆ: ಇದು ಅರಿಶಿನ, ಇದು ಸುಣ್ಣ, ಉಳಿದಿದ್ದು ನಾಟಕ. ಹೇಳಿದರೆ ಮಜಾ ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ.

ಈ ಹೊಸ ಆಟದ ಮೊದಲ ಪ್ರದರ್ಶನದಲ್ಲೇ ಕೈ ಕೊಟ್ಟಿತು. ಸುಣ್ಣದ ಡಬ್ಬಿ ಮುಚ್ಚಳ ನಾನೇ ಸರಿ ಹಾಕಿರಲಿಲ್ಲ, ಎರಡು ವಾರ ಗಾಳಿಗೆ ಒಣಗಿ ಪುಡಿಯಾಗಿತ್ತು. ಅಂಥ ಸುಣ್ಣಕ್ಕೆ ಖಾರ ಇರೋದಿಲ್ಲ. ಅಡಿಕೆ ಸುಲಿಯುವವಳು ಬೆರಳು ಅದ್ದಿದಳು, ನೀರು ಹಳದಿ. ಮತ್ತೆ ಅದ್ದಿದಳು, ಹಳದಿಯೇ. ನಾನು ಮೂಲೆಯಲ್ಲಿ ತಗಡು ಹಿಡಿದು ಬೆವರುತ್ತಿದ್ದೆ. ಅವಳು ತಲೆ ಎತ್ತಿ, ‘ನಂದು ಅಲ್ಲ ಅಂತ ನೀರೇ ಹೇಳ್ತಾ ಇದೆ, ನೀವು ಎಂತ ಹೇಳ್ತೀರಿ?’ ಅಂದಳು. ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು. ಈಗ ಕೆಂಪಾಗುವ ದೃಶ್ಯವನ್ನು ಭಜನೆ ಹೇಳುವವಳಿಗೆ ಕೊಟ್ಟು, ಇವಳಿಗೆ ಬೇಕಂತಲೇ ಕೆಟ್ಟ ಸುಣ್ಣ ಇಡುತ್ತೇವೆ.

ಆದರೂ ನಿಂಬೆಹಣ್ಣು ಬೀಳೋದು ಅವಳ ಮುಂದೆಯೇ. ತಟ್ಟೆ ಕೆಂಪಾದವಳನ್ನು ಬಿಟ್ಟು, ಹಳದಿ ಉಳಿದವಳ ಮುಂದೆ ರಾಶಿ.

ಮನೆ ಯಜಮಾನರ ಹೆಂಡತಿ ಮೊದಮೊದಲು ‘ಇದೆಲ್ಲ ನಿಂಗೆ ಎಂತಕ್ಕೆ ಬೇಕಾಗಿತ್ತೇ ಕೂಸೇ’ ಅಂತಿದ್ದರು. ಈಗ ಕೊನೇ ಸಾಲಿನಲ್ಲಿ ಕೂತು ನೋಡುತ್ತಾರೆ.

ಆಟ ಮುಗಿದ ಮೇಲೆ ನಿಮ್ಮ ನಿಂಬೆಹಣ್ಣು ಮನೆಗೆ ತಗೊಂಡು ಹೋಗಿ, ಸಂತೆಯಲ್ಲಿ ತಂದಿದ್ದು ಅಂತ ಹೇಳುತ್ತೇವೆ. ಎಲ್ಲರೂ ನಗುತ್ತಾರೆ, ಇಂಜಿನಿಯರು, ಮೇಷ್ಟ್ರು, ಎಲ್ಲರೂ. ಇದುವರೆಗೆ ಒಂದೇ ಒಂದು ಹಣ್ಣು ಮೆಟ್ಟಿಲು ಇಳಿದಿಲ್ಲ. ರಾತ್ರಿಯೇ ಶರಬತ್ತು ಮಾಡಿ ಕುಡಿಯುತ್ತೇವೆ. ಯಜಮಾನರ ಹೆಂಡತಿ ಮಾತ್ರ ತಮ್ಮ ಲೋಟ ಮುಟ್ಟದೆ ಪಕ್ಕಕ್ಕಿಟ್ಟು, ನಂಗೆ ಸ್ವಲ್ಪ ಶೀತ ಅಂತಾರೆ.