ಬೀದರ್‌ನಾಗ ಬಿದ್ರಿ ಕ್ಲಾಸ್ ಶುರು ಮಾಡ್ತೀರಾ? ಕಲಿಸೋರನ್ನ ಹಿಂಗ್ ಹುಡುಕ್ರಿ
ಬಿದ್ರಿ ಅಂದ್ರ ಕರಿ ಲೋಹದ ಮ್ಯಾಲೆ ಬೆಳ್ಳಿ ಕೂಡ್ಸೋ ಕೆಲಸ. ಕ್ಲಾಸಿಗೆ ಮೊದಲು ಉಸ್ತಾದ್ರು, ಆಮ್ಯಾಲೆ ಜಾಗ. ನಾವು ಉಲ್ಟಾ ಮಾಡಿ ಎರಡು ತಿಂಗಳು ಖಾಲಿ ರೂಮಿಗೆ ಬಾಡಿಗಿ ಕಟ್ಟಿದ್ವಿ. ಚೌಬಾರಾ ಹತ್ರ, ಬಿದ್ರಿ ಕಾರಿಗರ್ ಇರೋ ಸಿದ್ದೀಕ್ ತಾಲೀಮ್ ಗಲ್ಲಿ ಕಡೆ ಹೋಗ್ರಿ, ಚಹಾ ಕುಡ್ಕೋತ ಕೂತು ಕೆಲಸ ನೋಡ್ರಿ, ಪಗಾರದ ಮಾತು ಅವತ್ತೇ ತೆಗೀಬ್ಯಾಡ್ರಿ.

ಒಬ್ರೇ ಎಲ್ಲಾ ಕಲಿಸ್ತಾರ ಅನ್ಕೋಬ್ಯಾಡ್ರಿ, ಎರಕ ಹೊಯ್ಯೋರು ಬ್ಯಾರೆ, ಕೆತ್ತೋರು ಬ್ಯಾರೆ, ಬೆಳ್ಳಿ ಕೂಡ್ಸೋರು ಬ್ಯಾರೆ ಇರ್ತಾರ. ಹೊಸಬರಿಗೆ ಎರಕ ಬ್ಯಾಡೇ ಬ್ಯಾಡ, ಸತು-ತಾಮ್ರದ ತುಂಡು ರೆಡಿ ತರಿಸ್ರಿ.

ಒಂದು ತಾಸು ಟ್ರಯಲ್ ಕ್ಲಾಸ್ ಇಡ್ರಿ. ಮೈಲುತುತ್ತ ಹಚ್ಚಿ ಕರ್ರಗಾದ ತುಂಡಿನ ಮ್ಯಾಲೆ ಒಂದು ಹೂವಿನ ಗೆರಿ ಹಾಕಿ, ಉಳಿ ಹುಡುಗನ ಕೈಗೆ ಕೊಟ್ಟು, ಅವ ಎರಡು ಸಲ ಜಾರಿಸಿದ್ರೂ ಉಸ್ತಾದ್ರು ಸುಮ್ನೆ ಕೂತು ನೋಡಿದ್ರಂದ್ರ ಅವರೇ ನಿಮ್ಮ ಟೀಚರ್. ಕಸ್ಕೊಂಡು ತಾವೇ ಕೆತ್ತಿದ್ರ ಛಲೋ ಕಾರಿಗರ್ ಖರೆ, ಆದ್ರ ಕಲಿಸೋದು ಆಗಂಗಿಲ್ಲ.

ದಿನಗೂಲಿ ಲೆಕ್ಕದಾಗ ರೊಕ್ಕ ಕೊಡ್ರಿ, ಅವತ್ತಿಂದು ಅವತ್ತೇ. ಭಾಳ ಮಂದಿ ಉಸ್ತಾದ್ರು ಶುಕ್ರವಾರ ನಮಾಜಿಗೆ ಹೋಗ್ತಾರ, ಆ ಮಧ್ಯಾಹ್ನ ಕ್ಲಾಸ್ ಇಡಬ್ಯಾಡ್ರಿ.

ಹೆಲ್ಪರ್ ಒಬ್ರು ಬೇಕೇ ಬೇಕು. ಬೆಳ್ಳಿ ತಂತಿ ಕೊಡೋವಾಗ ಒಮ್ಮೆ, ವಾಪಸ್ ತಗೋಳೋವಾಗ ಒಮ್ಮೆ ತೂಗಿ ಬರೀಲಿ, ಚೂರು ಸಹಿತ. ಇಲ್ಲಂದ್ರ ತಿಂಗಳ ಕೊನೀಗೆ ಒಬ್ರ ಮ್ಯಾಲೆ ಒಬ್ರು ಅನುಮಾನ! ಕೋಟೆ ಮಣ್ಣು, ನವಸಾಗರ (ಒಂದು ತರಹದ ಉಪ್ಪು) ಕುದಿಸಿ ತುಂಡು ಕೊನೀಗೆ ಖಾಯಂ ಕಪ್ಪು ಮಾಡೋ ದಿನ ಕಿಟಕಿ ತೆರೆಯೋದೂ ಅವರದೇ ಕೆಲಸ, ವಾಸನಿ ಮೂಗಿಗೆ ಹೊಡೀತದ.