ಲೇಬಲ್ ಕಿತ್ತುಹೋದ ಬಾರ್ಬಿ ಅಂಗಿಗಳಿಗೆ ಹೆಸರು ಹುಡುಕಿದ ನನ್ನ ಅನುಭವ

ಲೇಬಲ್ ಇಲ್ಲದ, ಬಾರ್ಬಿ ಗೊಂಬೆಯ ಹಳೆಯ ಅಂಗಿಯ ಗುರುತು ಹಿಡಿಯಲು ಹೊರಡುವುದು ವ್ಯರ್ಥ ಪ್ರಯತ್ನವೆಂದು ನ್ಯೂಜೆರ್ಸಿಯ ನಮ್ಮ ಸಂಗ್ರಾಹಕರ ಬಳಗದ ಹಿರಿಯರು ಎರಡು ವರ್ಷ ನನಗೆ ಹೇಳುತ್ತಲೇ ಬಂದರು. ಯಾವ ಲೇಬಲ್ ಯಾವ ಕಾಲದ್ದು ಎಂಬುದು ಬಳಗದಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದರೂ, ಆಡುವಾಗ ಯಾರೋ ಅದನ್ನು ಕತ್ತರಿಸಿ ಎಸೆದಿದ್ದರೆ ಆ ಅಂಗಿಯನ್ನು ‘ಮನೆಯಲ್ಲಿ ಹೊಲಿದದ್ದು’ ಎಂದು ಪಕ್ಕಕ್ಕೆ ಸರಿಸುವುದೇ ವಾಡಿಕೆ. ಹಾಗೆ ಪಕ್ಕಕ್ಕೆ ಸರಿದ ಸುಮಾರು 50 ಅಂಗಿಗಳಲ್ಲಿ 30ರಷ್ಟಕ್ಕೆ ನಾನು ಈಗ ತಯಾರಕರು ಕೊಟ್ಟಿದ್ದ ಹೆಸರು, ನಂಬರು ಎರಡನ್ನೂ ಬರೆದಿಟ್ಟಿದ್ದೇನೆ.

ಮೊದಲ ವರ್ಷವೆಲ್ಲ ಬರೀ ನಷ್ಟ. 1959ರ ರೋಮನ್ ಹಾಲಿಡೇ ಎಂಬ ಉಡುಪಿನ ಸೆಟ್ಟಿನದೆಂದು ನಂಬಿ ಪುಟಾಣಿ ಪೌಡರ್ ಡಬ್ಬಿಯೊಂದಕ್ಕೆ 200 ಡಾಲರಿನ ಆಸುಪಾಸು ತೆತ್ತೆ. ಅದು ಯಾವುದೋ ಅಗ್ಗದ ಗೊಂಬೆಯದಾಗಿತ್ತು. ಗೊಂಬೆಯ ಜೊತೆ ಬರುತ್ತಿದ್ದ ಪುಸ್ತಿಕೆಯ ಚಿತ್ರಕ್ಕೂ ಬಟ್ಟೆಯ ಬಣ್ಣಕ್ಕೂ ತಾಳೆ ಹಾಕುವ ಉಪಾಯವೂ ಕೈಕೊಟ್ಟಿತು, ಏಕೆಂದರೆ ಬಟ್ಟೆ 60 ವರ್ಷ ಬಿಸಿಲನ್ನೂ ಸೋಪನ್ನೂ ಕಂಡಿರುತ್ತದೆ. ಇನ್ನೊಂದು ಅಂಗಿಯ ಅಂಟಿನ ಕಲೆಗೆ ನೇಲ್ ಪಾಲಿಶ್ ತೆಗೆಯುವ ದ್ರವ ಹಚ್ಚಿದಾಗ, ಅಸಿಟೇಟ್ ಎಂಬ ಕೃತಕ ಬಟ್ಟೆಯ ಅಸ್ತರಿ ಕಣ್ಣೆದುರೇ ಕರಗಿ ಬೆರಳಿಗೆ ಮೆತ್ತಿಕೊಂಡಿತು. ಆ ದ್ರವದಲ್ಲಿರುವ ಅಸಿಟೋನಿಗೆ ಅಸಿಟೇಟ್ ಕರಗುತ್ತದೆಂಬುದು ಗೊತ್ತಿದ್ದೂ ಆ ಕ್ಷಣಕ್ಕೆ ಹೊಳೆಯಲಿಲ್ಲ.

ದಾವಣಗೆರೆಯಲ್ಲಿ ರವಿಕೆ ಹೊಲಿಯುತ್ತಿದ್ದ ಅಮ್ಮ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಾಸು-ಹೊಕ್ಕು ನೋಡುತ್ತಿದ್ದದ್ದು ನೆನಪಾದ ಮೇಲೆ ಕೆಲಸ ದಾರಿಗೆ ಬಂತು. 35 ಡಾಲರಿಗೆ ಹಳೆಯ ಸ್ಕ್ಯಾನರ್ ಒಂದನ್ನು ತಂದು, ಅಂಗಿಯನ್ನು ಒಳಮೈ ಹೊರಗಾಗಿಸಿ ಗಾಜಿನ ಮೇಲೆ ಹರಡಿ, 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕೆಗಳಷ್ಟು ಸೂಕ್ಷ್ಮವಾಗಿ, ಸ್ಕ್ಯಾನ್ ಮಾಡಿ ಎಳೆಗಳನ್ನು ಎಣಿಸತೊಡಗಿದೆ. ಬಾರ್ಬಿ ತಯಾರಿಸುವ ಮ್ಯಾಟೆಲ್ ಕಂಪನಿಯ ವಿನ್ಯಾಸಕಿ ಶಾರ್ಲೆಟ್ ಜಾನ್ಸನ್ ರೂಪಿಸಿದ ಆ ಅಂಗಿಗಳನ್ನು ಜಪಾನಿನಲ್ಲಿ ಮನೆಮನೆಗಳ ಹೆಂಗಸರು ಹೊಲಿದದ್ದರಿಂದ ಕೈಹೊಲಿಗೆಯ ಅಂಚು ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ. ಆದ್ದರಿಂದ ಅಂಚನ್ನು ನಂಬಿದವರು ಕೆಡುತ್ತಾರೆ, ನಾನೂ ಕೆಟ್ಟಿದ್ದೆ. ಬದಲಾಗದೆ ಉಳಿಯುವುದು ನೇಯ್ಗೆ ಮತ್ತು ಕತ್ತರಿಸಿದ ಆಕಾರ.

ಶೂ ಡಬ್ಬಿಯೊಂದರಲ್ಲಿ 40 ಡಾಲರಿಗೆ ಬಂದ ರಾಶಿಯಲ್ಲಿ ನೀಲಿ-ಬಿಳಿ ಪಟ್ಟೆಯ ಹತ್ತಿಯ ಅಂಗಿಯೊಂದಿತ್ತು. ಅದು 969ನೇ ನಂಬರಿನ ಸಬರ್ಬನ್ ಶಾಪರ್ ಇರಬಹುದೆಂದಾಗ ಎಲ್ಲರೂ ನಕ್ಕರು. ಲೇಬಲ್ ಉಳಿದಿದ್ದ, ಆದರೆ ಭುಜದ ಪಟ್ಟಿ ಹರಿದಿದ್ದ ಇನ್ನೊಂದನ್ನು 30 ಡಾಲರಿಗೆ ಕೊಂಡು, ಎರಡರ ಪಟ್ಟೆಯೊಳಗಿನ ಎಳೆಗಳನ್ನು ಎಣಿಸಿ, ಸ್ಕ್ಯಾನುಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಒಳಹೊಲಿಗೆಯಲ್ಲಿ ಕತ್ತರಿಸಿದ ಲೇಬಲ್ಲಿನ ಎರಡು ಬಿಳಿ ಎಳೆಗಳ ಮೋಟು ಸಿಕ್ಕಿಕೊಂಡಿದ್ದದ್ದೂ ಆಗಲೇ ಕಂಡಿತು. ಎಳೆಗಳ ಎಣಿಕೆ ಎಷ್ಟು, ಬೆನ್ನಿನ ಟಿಚ್ ಬಟನ್ನಿನಲ್ಲಿ ಏನು ನೋಡಬೇಕು ಎಂಬುದನ್ನು ಬರೆಯಲಾರೆ. ಬರೆದರೆ ನಕಲು ಹೊಲಿಯುವವರಿಗೆ ಬಿಟ್ಟಿ ಪಾಠ ಹೇಳಿಕೊಟ್ಟಂತಾಗುತ್ತದೆ.

ನಡುವೆ ಅತಿನೇರಳೆ ಟಾರ್ಚಿನ ಹುಚ್ಚೂ ಹಿಡಿದಿತ್ತು. ಹೊಳೆದರೆ ಹೊಸ ಬಟ್ಟೆ, ಹೊಳೆಯದಿದ್ದರೆ ಹಳೆಯದು ಎನ್ನುವವರಿದ್ದಾರೆ. ಹೊಳೆಯದ ಹಳೆಯ ಕರವಸ್ತ್ರವೊಂದರ ಅರ್ಧವನ್ನು ಮಾತ್ರ ಈಗಿನ ಡಿಟರ್ಜೆಂಟಿನಲ್ಲಿ ಅದ್ದಿ ಒಣಗಿಸಿ ನೋಡಿದರೆ, ಆ ಅರ್ಧ ಹಾಲಿನಂತೆ ನೀಲಿಯಾಗಿ ಹೊಳೆಯಿತು, ಉಳಿದರ್ಧ ಮಂಕಾಗಿಯೇ ಇತ್ತು. ಟಾರ್ಚು ಅಂದಿನಿಂದ ಮಕ್ಕಳ ಆಟಿಕೆಯಾಗಿದೆ.

ಎಲ್ಲ ಸೇರಿ ಸುಮಾರು 600 ಡಾಲರ್ ಖರ್ಚಾಗಿತ್ತು. ಗುರುತು ಸಿಕ್ಕ ಹತ್ತಾರು ಅಂಗಿಗಳನ್ನು ಮಾರಿ 900ರ ಹತ್ತಿರ ಬಂತು. ಮೊದಲು ನಕ್ಕ ಹಿರಿಯರೊಬ್ಬರು ಕಳೆದ ತಿಂಗಳು ತಮ್ಮ ಅನಾಥ ಅಂಗಿಗಳ ಚೀಲವನ್ನೇ ತಂದು ನನ್ನ ಮೇಜಿನ ಮೇಲೆ ಸುರಿದರು. ಅದರಲ್ಲಿರುವ ಕಪ್ಪು ಲಂಗವೊಂದು ಮಾತ್ರ ಇನ್ನೂ ಸ್ಕ್ಯಾನರಿನ ಮೇಲಿದೆ. ಅದು ಯಾವುದೋ ಸೆಟ್ಟಿನ ತುಂಡೋ ಅಥವಾ 60ರ ದಶಕದಲ್ಲಿ ಬಿಡಿಬಿಡಿಯಾಗಿ ಮಾರಿದ ಪ್ಯಾಕ್ ಬಟ್ಟೆಯೋ ಎಂದು ಎಳೆಗಳೂ ಹೇಳುತ್ತಿಲ್ಲ.